ನನ್ನ ಹೆಸರಿನ ಮುಂದಿನ ಸೊನ್ನೆ

ನಮ್ಮ ಸಂಘದ ಲೆಕ್ಕವೆಲ್ಲ ಇರುವ ಸರ್ವರ್ ಕಂಪ್ಯೂಟರನ್ನು ಇನ್ನು ಮುಂದೆ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಎದ್ದಾಗ, ಇರುವ ದಾರಿಗಳನ್ನೆಲ್ಲ ತೂಗಿ ನೋಡಿ ವರದಿ ಕೊಡುವ ಕೆಲಸವನ್ನು ನನಗೇ ಹಚ್ಚಿದರು. ಅಷ್ಟು ವರ್ಷ ಅದನ್ನು ನೋಡಿಕೊಂಡು ಬಂದವಳು ನಾನು. ಅಂದರೆ ನನ್ನ ಜಾಗಕ್ಕೆ ಯಾರು ಬರಬೇಕೆಂದು ನಾನೇ ಹುಡುಕಬೇಕು, ನಾನೇ ಅವರ ದರ ಕೇಳಬೇಕು, ನಾನೇ ಅವರ ಗುಣಗಾನ ಬರೆಯಬೇಕು. ಸವತಿಯನ್ನು ನೋಡಿ ಬಾ ಎಂದು ಮೊದಲ ಹೆಂಡತಿಯನ್ನೇ ಕಳಿಸಿದ ಹಾಗಾಯಿತು ಎಂದು ಅವತ್ತು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನನಗೆ ಮಾತ್ರ ನಗು ಬಂದಿರಲಿಲ್ಲ.

ನಮ್ಮದು ಹೆಂಗಸರೇ ಕಟ್ಟಿ ಹೆಂಗಸರೇ ನಡೆಸುವ ಪತ್ತಿನ ಸಂಘ. ಯಾದಗಿರಿಯಲ್ಲಿ ಮುಖ್ಯ ಕಚೇರಿ, ಶಹಾಪುರದಲ್ಲೊಂದು, ಸುರಪುರದಲ್ಲೊಂದು ಶಾಖೆ. ತರಕಾರಿ ಮಾರುವವರು, ಹೊಲಿಗೆಯವರು, ಬಳೆ ಅಂಗಡಿಯವರು, ಹೊಳೆದಂಡೆಯ ಮೀನುಗಾರರ ಮನೆಯವರು ದಿನದ ಉಳಿತಾಯ ಕಟ್ಟುತ್ತಾರೆ. ನಾನು ಅಲ್ಲಿ ಅಕೌಂಟೆಂಟ್. ಮೂರೂ ಕಡೆಯ ಲೆಕ್ಕ ಒಂದೇ ಕಡೆ ಸೇರಬೇಕು ಎಂಬ ಮಾತು ಬಂದಾಗ, ಕೊಂಡು ತರುವ ಸಾಫ್ಟ್‌ವೇರಿನ ಬೆಲೆ ಕೇಳಿ ನಮ್ಮ ಅಧ್ಯಕ್ಷರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಓಪನ್ ಸೋರ್ಸ್ ಎಂಬುದೊಂದಿದೆ, ಅದನ್ನು ಯಾರು ಬೇಕಾದರೂ ಬಿಟ್ಟಿ ತಂದು ಹಾಕಿಕೊಳ್ಳಬಹುದು ಎಂದು ಬಾಯಿಬಿಟ್ಟವಳು ನಾನು. ಬಾಯಿಬಿಟ್ಟವಳ ಕೊರಳಿಗೇ ಅದು ಬಿತ್ತು.

ಕಲಿಸುವವರು ಯಾರೂ ಇರಲಿಲ್ಲ. ಆ ಸಾಫ್ಟ್‌ವೇರ್ ಬಳಸುವವರು ಇಂಟರ್ನೆಟ್ಟಿನಲ್ಲಿ ಪ್ರಶ್ನೋತ್ತರದ ಒಂದು ತಾಣ ಇಟ್ಟುಕೊಂಡಿದ್ದಾರೆ. ಅಲ್ಲಿ ಕೇಳಿದರೆ ಎಲ್ಲಿಂದಲೋ ಯಾರೋ ಹೇಳಿಕೊಡುತ್ತಾರೆ. ನಮಗೆ ಗೊತ್ತಾದದ್ದನ್ನು ನಾವೂ ಇನ್ನೊಬ್ಬರಿಗೆ ಹೇಳಬೇಕು. ನಾನು ಹೆಸರು ಹಾಕದೆ ಒಂದು ದಾಸವಾಳದ ಚಿತ್ರ ಇಟ್ಟುಕೊಂಡು ಅಲ್ಲಿ ಸೇರಿದೆ. ಮೊದಮೊದಲು ಕೇಳುತ್ತಿದ್ದೆ, ಬರಬರುತ್ತ ಹೇಳತೊಡಗಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಒರೆಸಿಕೊಂಡು, ಮುಖ ಕಾಣದವರಿಗೆ ಉತ್ತರ ಬರೆದಿದ್ದೇನೆ. ಇದಕ್ಕೆಲ್ಲ ಯಾರೂ ನನಗೆ ಬಿಡಿಗಾಸು ಕೊಟ್ಟಿಲ್ಲ, ನಾನೂ ಕೇಳಿದವಳಲ್ಲ.

ನನಗೆ ಸಿಗುತ್ತಿದ್ದುದು ಬೇರೆ. ಯಾವುದೇ ಶಾಖೆಯಲ್ಲಿ ಪರದೆ ನಿಂತರೆ ಮೊದಲ ಫೋನು ನನಗೆ ಬರುತ್ತಿತ್ತು. ಸುರಪುರದವರು ಹಾಗೆ ಫೋನು ಹಚ್ಚಿದಾಗ ಬೇಕೆಂದೇ ಒಂದೆರಡು ರಿಂಗು ಹೆಚ್ಚು ಬಿಟ್ಟು ಎತ್ತುತ್ತಿದ್ದೆ. ನಾನಿಲ್ಲದಿದ್ದರೆ ಇವರ ಗತಿ ಏನು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅಷ್ಟೇ ನನ್ನ ಸಂಪಾದನೆ. ಅದು ಕೈಬಿಟ್ಟರೆ ನಾನು ಬರೀ ಲೆಕ್ಕ ಕೂಡಿಸುವವಳು.

ಅದು ಕೈಬಿಡುವ ಹಾದಿ ಶುರುವಾದದ್ದು ಒಂದು ಬೇಸಿಗೆಯಲ್ಲಿ. ಹರಕೆ ತೀರಿಸಲು ಮನೆಯವರೊಂದಿಗೆ ಕೊಡೇಕಲ್‌ಗೆ ಹೋಗಿದ್ದೆ. ಜನಜಂಗುಳಿಯಲ್ಲಿ ಫೋನು ಕೇಳಿಸಲಿಲ್ಲ. ಅವತ್ತೇ ಸುರಪುರದ ಶಾಖೆ ನಿಂತುಹೋಯಿತು. ಕೆಂಭಾವಿ ಸಂತೆಗೆ ಹೊರಟ ಹೆಂಗಸರು ತಮ್ಮದೇ ದುಡ್ಡಿಗಾಗಿ ಬಾಗಿಲಲ್ಲಿ ಕೂತರು. ಸಂಜೆ ನಾನು ಫೋನು ನೋಡಿ, ಅಲ್ಲಿಂದಲೇ ಹೇಳಿಕೊಟ್ಟು ಸರಿ ಮಾಡಿಸಿದೆ. ಆದರೆ ಲೆಕ್ಕ ಪರಿಶೋಧನೆಗೆ ಬಂದವರ ಕಿವಿಗೆ ಅದು ಬಿತ್ತು. ಇಷ್ಟು ಜನರ ದುಡ್ಡು ಒಬ್ಬ ಹೆಂಗಸಿನ ಫೋನಿಗೆ ಕಟ್ಟಿಹಾಕಿದ್ದೀರಿ, ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ ಎಂದು ಅವರು ಅಧ್ಯಕ್ಷರಿಗೆ ಹೇಳಿ ಹೋದರು.

ಹಾಗಾಗಿ ನಾನು ಕೂತು ಒಂದು ಹಾಳೆಯ ಮೇಲೆ ಮೂರು ಸಾಲು ಎಳೆದೆ. ಮೊದಲನೆಯದು ದೂರದ ಊರಿನ ದೊಡ್ಡ ಕಂಪನಿ. ಸಾಫ್ಟ್‌ವೇರ್ ಬಿಟ್ಟಿಯೇ, ಆದರೆ ಕೆಟ್ಟಾಗ ನೋಡುವುದಕ್ಕೆ ಅವರಿಗೆ ವರ್ಷಕ್ಕಿಷ್ಟು ಎಂದು ಕಟ್ಟಬೇಕು. ಕಡಿಮೆ ಕಟ್ಟಿದರೆ ಮಾರನೆಯ ಕೆಲಸದ ದಿನ ಉತ್ತರ, ಹೆಚ್ಚು ಕಟ್ಟಿದರೆ ಗಂಟೆಯೊಳಗೆ. ಯಾರೂ ಬರುವುದಿಲ್ಲ, ಎಲ್ಲ ಫೋನಿನಲ್ಲೇ. ಎರಡನೆಯದು ಶಹಾಪುರದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು, ಆಸ್ಪತ್ರೆ, ಶಾಲೆ, ಅಡತಿ ಅಂಗಡಿಗಳ ಸರ್ವರುಗಳನ್ನು ನೋಡಿಕೊಳ್ಳುವ ಒಬ್ಬ ಹುಡುಗಿ. ವರ್ಷಕ್ಕೊಂದು ಮೊತ್ತ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಸಲ ಕರೆಸಿದರೆ ಅದಕ್ಕೆ ಬೇರೆ. ಮೂರನೆಯ ಸಾಲಿನಲ್ಲಿ ನನ್ನ ಹೆಸರು. ಖರ್ಚಿನ ಮನೆಯಲ್ಲಿ ಏನು ಬರೆಯಬೇಕೆಂದು ಅಧ್ಯಕ್ಷರನ್ನು ಕೇಳಿದೆ. ಅವರು ತಲೆಯೆತ್ತದೆ ಸೊನ್ನೆ ಎಂದರು. ಬರೆದೆ.

ಆ ಹುಡುಗಿಯನ್ನು ನಾನು ಆಗಲೂ ಈಗಲೂ ಶಹಾಪುರದಾಕೆ ಎಂದೇ ಕರೆಯುವುದು. ದರ ಹೇಳುವ ಮೊದಲು ಮೂರೂ ಕಚೇರಿ ನೋಡುತ್ತೇನೆ ಎಂದು ಆಕೆಯೇ ಬಂದಳು. ನನಗಿಂತ ಬಹಳ ಚಿಕ್ಕವಳು. ದುಪಟ್ಟಾವನ್ನು ತಲೆಯ ಮೇಲೆ ನೀಟಾಗಿ ಹೊದ್ದು, ಬೆನ್ನಿಗೆ ಚೀಲ ಹಾಕಿಕೊಂಡು ಒಳಗೆ ಬಂದವಳು ನೆಟ್ಟಗೆ ನನ್ನ ಕುರ್ಚಿಯಲ್ಲಿ ಕೂತಳು. ನಮ್ಮಲ್ಲಿ ಚಹಾ ಎಂದರೆ ಸ್ಟೀಲ್ ಲೋಟ. ಆಕೆಗೆ ಮಾತ್ರ ಒಳಗಿನಿಂದ ಪಿಂಗಾಣಿ ಕಪ್ಪು ಬಂತು. ಅಂಥದ್ದೊಂದು ಕಪ್ಪು ನಮ್ಮ ಕಚೇರಿಯಲ್ಲಿ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಮೈಯೆಲ್ಲ ಉರಿಯಿತು.

ಸುರಪುರಕ್ಕೆ ನಾನೂ ಜೊತೆಗೆ ಹೋಗಿದ್ದೆ. ಪಿಗ್ಮಿ ವಸೂಲಿ ಮಾಡುವ ಹೆಂಗಸಿನೊಂದಿಗೆ ಆಕೆ ದಖ್ಖನಿ ಉರ್ದುವಿನಲ್ಲಿ ಏನೋ ಹೇಳಿದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನನ್ನು ಕಂಡರೆ ಮಾತು ನುಂಗುವ ಆ ಹೆಂಗಸು ಆಕೆಗೆ ತನ್ನ ಮೊಮ್ಮಗಳ ಫೋಟೋ ತೋರಿಸಿದಳು. ಆಕೆ ನನ್ನನ್ನು ಕೇಳಿದ ಪ್ರಶ್ನೆಗಳೂ ಸರಿಯಾದವೇ ಆಗಿದ್ದವು, ಅದು ಇನ್ನೂ ಹೊಟ್ಟೆ ಉರಿಸಿತು. ಪೆದ್ದಿಯಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಬಸ್ಸಿನಲ್ಲಿ ಮರಳುವಾಗ ಆಕೆ ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಸುರಿದಳು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ, ತಿನ್ನಲಿಲ್ಲ.

ವರದಿಯಲ್ಲಿ ನಾನು ಕಂಪನಿಯನ್ನು ಹೊಗಳಿ ಹೊಗಳಿ ಬರೆದೆ. ಅವರ ಅನುಭವ, ಅವರ ಜನಬಲ, ಗಂಟೆಯೊಳಗಿನ ಉತ್ತರ. ಖರ್ಚು ಹೆಚ್ಚಾದರೂ ನಿಶ್ಚಿಂತೆ ಎಂದೂ ಸೇರಿಸಿದೆ. ಕಂಪನಿಯ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಆದರೆ ಕಂಪನಿಗೆ ಮುಖವಿಲ್ಲ, ಅದು ಬಂದು ನನ್ನ ಕುರ್ಚಿಯಲ್ಲಿ ಕೂರುವುದಿಲ್ಲ, ಅದಕ್ಕೆ ಯಾರೂ ಕಪ್ಪಿನಲ್ಲಿ ಚಹಾ ಕೊಡುವುದಿಲ್ಲ. ಶಹಾಪುರದಾಕೆಯ ಸಾಲಿನಲ್ಲಿ ದೋಷ ಹುಡುಕಿ ಹುಡುಕಿ ಕೊನೆಗೆ ‘ಒಬ್ಬಳೇ ಇದ್ದಾಳೆ’ ಎಂದು ಬರೆದೆ. ಬರೆದ ಮೇಲೆ ನಾನೂ ಒಬ್ಬಳೇ ಎಂಬುದು ಹೊಳೆಯಿತು. ಅಳಿಸಲಿಲ್ಲ.

ಕಂಪನಿ ಪಟ್ಟಿಯಿಂದ ಬಿದ್ದುಹೋದದ್ದು ಖಂಡೇ ಪೂಜೆಯ ಕಾರಣಕ್ಕೆ. ದಸರೆಯ ಆ ದಿನ ನಮ್ಮಲ್ಲಿ ದುಡಿಯುವ ಸಾಮಾನುಗಳಿಗೆ ವಿಶ್ರಾಂತಿ. ಕುಡುಗೋಲು, ತಕ್ಕಡಿ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಒರೆಸಿ ಪೂಜಿಸುತ್ತಾರೆ. ಆ ದಿನ ಮುಟ್ಟುವುದಿಲ್ಲ, ಮಾರನೆಯ ಬನ್ನಿ ಹಬ್ಬ ಮುಗಿಯುವ ತನಕವೂ ಮುಟ್ಟುವುದಿಲ್ಲ. ನಮ್ಮ ಕಚೇರಿಯಲ್ಲಿ ಸರ್ವರ್ ಯಂತ್ರಕ್ಕೂ ಅದೇ ಮರ್ಯಾದೆ. ಇನ್ವರ್ಟರ್ ಇರುವುದರಿಂದ ವರ್ಷವಿಡೀ ಓಡುವ ಯಂತ್ರವನ್ನು ಆ ಒಂದು ಸಲ ಪೂರ್ತಿ ಬಂದ್ ಮಾಡಿ, ದೂಳು ತೆಗೆದು, ವಿಭೂತಿ ಎಳೆದು, ಸೇವಂತಿಗೆ ಮಾಲೆ ಹಾಕಿ ಕಾಯಿ ಒಡೆಯುತ್ತೇವೆ. ಕಂಪನಿಯವನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಮುಂಚಿತವಾಗಿ ಬರೆದು ತಿಳಿಸಬೇಕು, ಕಾರಣ ಕೊಡಬೇಕು ಎಂದ. ಪೂಜೆ ಎಂದೆ. ಅವನ ಪಟ್ಟಿಯಲ್ಲಿ ಅಂಥ ಕಾರಣ ಇರಲಿಲ್ಲ. ಯಂತ್ರವನ್ನು ಸುಮ್ಮನೆ ಎರಡು ದಿನ ಆರಿಸಿಡುವುದು ಒಳ್ಳೆಯದಲ್ಲ, ಓಡುತ್ತಿರುವಾಗಲೇ ಪೂಜೆ ಮಾಡಬಹುದಲ್ಲ ಎಂದು ಸಲಹೆ ಕೊಟ್ಟ.

ಸಭೆಯಲ್ಲಿ ನಾನು ಇದನ್ನು ಓದಿದಾಗ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಓಡುವ ಗಾಡಿಗೆ ಯಾರು ಪೂಜೆ ಮಾಡುತ್ತಾರೆ ಎಂದರು. ಕಂಪನಿಯ ಸಾಲಿನ ಮೇಲೆ ಅಡ್ಡಗೆರೆ ಬಿತ್ತು. ಶಹಾಪುರದಾಕೆಯನ್ನು ಅಲ್ಲಿಯೇ ಫೋನಿನಲ್ಲಿ ಕೇಳಿದರು. ಆಕೆಗೆ ವಿವರಿಸುವುದೇ ಬೇಕಾಗಲಿಲ್ಲ. ಆಕೆಯ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ, ಪಕ್ಕದ ಅಂಗಡಿಯ ಬಡಿಗ ಅವರ ಜೀವದ ಗೆಳೆಯನಂತೆ, ಖಂಡೇ ಪೂಜೆಯ ದಿನ ಆ ಬಡಿಗ ಉಳಿ ಸುತ್ತಿಗೆ ಮುಟ್ಟದಿದ್ದರೆ ಆಕೆಯ ತಂದೆಯೂ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲವಂತೆ. ಸಭೆಯ ಹೆಂಗಸರೆಲ್ಲ ಬೆಣ್ಣೆಯಂತೆ ಕರಗಿದರು.

ಒಪ್ಪಂದ ಆಕೆಗೆ ಎಂದಾಯಿತು. ಎಲ್ಲರೂ ಏಳುವ ಮೊದಲು ನಾನು, ಇಷ್ಟು ವರ್ಷ ನೋಡಿಕೊಂಡಿದ್ದೇನೆ, ಇನ್ನು ಮುಂದೆಯೂ ಆಕೆಯ ಜೊತೆ ನೋಡಿಕೊಳ್ಳುತ್ತೇನೆ, ನನ್ನ ಹೆಸರಿಗೂ ಏನಾದರೂ ಹಾಕಿ ಎಂದು ಕೇಳಿದೆ. ಅಧ್ಯಕ್ಷರು ಬಂದು ನನ್ನ ಗಲ್ಲ ಹಿಡಿದರು.

“ನಿನಗ್ಯಾಕಬೇ ರೊಕ್ಕ? ಆಕಿ ಹೊರಗಿನಾಕಿ, ಕೊಡಬೇಕಾಗ್ತದ. ನೀ ನಮ್ಮ ಮನಿ ಮಗಳಿದ್ದಂಗ.”

ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಮನೆ ಮಗಳು ಎಂದ ಮೇಲೆ ಬಾಯಿಗೆ ಬೀಗ. ಹೊರಗಿನವಳಾಗಿ ಹುಟ್ಟಬೇಕಿತ್ತು ಎಂದುಕೊಂಡು ಹಲ್ಲು ಕಡಿದು ಮನೆಗೆ ಹೋದೆ.

ನನ್ನ ಕೈಯಲ್ಲಿ ಇನ್ನೂ ಒಂದು ಗುಟ್ಟು ಉಳಿದಿತ್ತು. ನಮ್ಮ ಸರ್ವರ್ ಬಂದ್ ಆಗಿ ಮತ್ತೆ ಶುರುವಾದಾಗ ಯಂತ್ರ ತಾನಾಗಿ ಏಳುತ್ತದೆ, ಆದರೆ ಲೆಕ್ಕಪತ್ರ ತೆರೆಯುವ ಭಾಗ ಏಳುವುದಿಲ್ಲ. ಅದನ್ನು ಒಂದು ಸಾಲು ಟೈಪ್ ಮಾಡಿ ಕೈಯಾರೆ ಎಬ್ಬಿಸಬೇಕು. ತಾನಾಗಿ ಏಳುವಂತೆ ಮಾಡುವುದು ದೊಡ್ಡ ಕೆಲಸವಲ್ಲ, ಇನ್ನೊಂದು ಸಾಲು ಅಷ್ಟೇ. ಮೊದಲ ವರ್ಷ ಮರೆತಿದ್ದೆ. ಆಮೇಲೆ ನೆನಪಾದರೂ ಮಾಡಲಿಲ್ಲ. ವರ್ಷಕ್ಕೊಮ್ಮೆ ಬನ್ನಿ ಹಬ್ಬ ಮುಗಿಸಿ ಎಲ್ಲರೂ ಹೊಸ ಸೀರೆಯಲ್ಲಿ ಸುತ್ತ ನಿಂತಾಗ, ನಾನು ಬಂದು ಕೂತು ಅದನ್ನು ಎಬ್ಬಿಸುವುದು, ಅವರು ಉಸಿರು ಬಿಡುವುದು ನನಗೆ ಇಷ್ಟವಾಗಿತ್ತು. ಒಪ್ಪಂದದ ಹುಡುಗಿ ಇದನ್ನು ಹೇಗೆ ಬಿಡಿಸುತ್ತಾಳೋ ನೋಡೋಣ ಎಂದು ಆ ವರ್ಷ ಖಂಡೇ ಪೂಜೆಗಾಗಿ ಕಾದೆ.

ಪೂಜೆಯನ್ನು ಭಕ್ತಿಯಿಂದಲೇ ಮಾಡಿದೆ. ಬನ್ನಿ ಹಬ್ಬದಲ್ಲಿ ಎಲ್ಲರ ಮನೆಗೂ ಹೋಗಿ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ ಬಂದೆ. ಮರುದಿನ ಬೆಳಿಗ್ಗೆ ಕಚೇರಿ ತೆರೆದು ಸ್ವಿಚ್ ಹಾಕಿ, ಹೋಗಿ ನನ್ನ ಮೇಜಿನಲ್ಲಿ ಲೆಕ್ಕದ ಕಾಗದ ಹರಡಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಗದ್ದಲ ಶುರುವಾಯಿತು. ಪರದೆ ತೆರೆಯುತ್ತಿಲ್ಲ. ಶಹಾಪುರ, ಸುರಪುರದಿಂದಲೂ ಫೋನು. ಹೊರಗೆ ಜನ ಸೇರಿದರು, ವಡಗೇರಾ ಬಸ್ಸು ಹಿಡಿಯಬೇಕಾದವರು ಬೇಗ ಮಾಡಿ ಎಂದು ಅವಸರ ಮಾಡತೊಡಗಿದರು. ಈಗ ಅಧ್ಯಕ್ಷರು ನನ್ನ ಹತ್ತಿರ ಬರುತ್ತಾರೆ ಎಂದು ಸೆರಗು ಸರಿ ಮಾಡಿಕೊಂಡೆ. ಅವರು ಬಂದರು ಕೂಡ.

“ಶಹಾಪುರದಾಕಿಗಿ ಒಂದು ಫೋನ್ ಹಚ್ಚಬೇ,” ಎಂದರು. “ರೊಕ್ಕ ಕೊಟ್ಟೇವಲ್ಲ.”

ನನ್ನ ಕೈಯಿಂದಲೇ ಆಕೆಗೆ ಫೋನು ಹಚ್ಚಿಸಿದರು. ಒಂದೇ ಕೋಣೆಯಲ್ಲಿ, ಯಂತ್ರದಿಂದ ನಾಲ್ಕು ಮಾರು ದೂರದಲ್ಲಿ ನಾನು ಕೂತಿದ್ದೇನೆ. ನಾನು ಮಾಡಲೇ ಎಂದು ಕೇಳಲು ಸ್ವಾಭಿಮಾನ ಅಡ್ಡ ಬಂತು, ನೀನು ಮಾಡು ಎಂದು ಹೇಳಲು ಅವರಿಗೆ ಹೊಳೆಯಲೇ ಇಲ್ಲ. ಬಸ್ಸು ಹಿಡಿದು ಬರುತ್ತೇನೆ ಎಂದಳು ಆಕೆ. ಬರುವ ತನಕ ನಾನು ಒಂದೇ ಅಂಕಣವನ್ನು ಮತ್ತೆ ಮತ್ತೆ ಕೂಡಿಸಿದೆ, ಒಂದು ಸಲವೂ ಮೊತ್ತ ಹೊಂದಲಿಲ್ಲ.

ಆಕೆ ಬಂದಳು, ಎಲ್ಲರಿಗೂ ನಮಸ್ಕಾರ ಹೇಳಿದಳು, ಕೂತಳು. ನಾನು ಲೆಕ್ಕ ಬಿಟ್ಟು ನೇರವಾಗಿ ಆಕೆಯನ್ನೇ ನೋಡುತ್ತಿದ್ದೆ. ಆಕೆ ಏನೋ ಒಂದೆರಡು ಟೈಪ್ ಮಾಡಿ ಪರದೆ ಓದಿದಳು. ಆಮೇಲೆ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಸಿಕ್ಕಿಬಿದ್ದಳು ಎಂದು ನನ್ನ ಎದೆ ಹಗುರಾಯಿತು. ಹಾಗೆ ಸ್ವಲ್ಪ ಹೊತ್ತು ಕೂತವಳು ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು.

“ಇದು ನನ್ನ ಕೈಲೆ ಆಗೂದಲ್ಲ್ರಿ ಅಮ್ಮಾರ. ಇದನ್ನ ಕೂಡಿಸಿದವರೇ ಎಬ್ಬಸಬೇಕು. ಅಕ್ಕಾರ, ನೀವು ಬರ್ರಿ, ಕುಂದರ್ರಿ.”

ನಾನು ಹೋಗಿ ಕೂತೆ. ಒಂದು ಸಾಲು ಟೈಪ್ ಮಾಡಿದೆ. ಪರದೆ ತೆರೆಯಿತು, ಸುರಪುರದಿಂದ ಆಯಿತು ಆಯಿತು ಎಂದು ಫೋನು ಬಂತು. ಇಷ್ಟು ವರ್ಷಗಳಲ್ಲಿ ಅಷ್ಟು ಸಂತೋಷದಿಂದ ಆ ಸಾಲನ್ನು ನಾನು ಎಂದೂ ಟೈಪ್ ಮಾಡಿರಲಿಲ್ಲ. ಅಧ್ಯಕ್ಷರು ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. ಹಾಗಾದರೆ ನಿನಗೆ ಯಾಕೆ ಕೊಡಬೇಕು ಎಂದು ಆಕೆಯನ್ನು ಮುಖದ ಮೇಲೆಯೇ ಕೇಳಿಬಿಟ್ಟರು. ಆಕೆ ಬೆದರಲಿಲ್ಲ. ಹೊರಗಿನಿಂದ ನೋಡುವುದು ಬಹಳಷ್ಟಿದೆ, ಅದನ್ನು ನಾನು ನೋಡುತ್ತೇನೆ ಎಂದಳು. ಒಳಗಿನದು ಇವರಿಗೇ ಗೊತ್ತು, ನಾನೊಬ್ಬಳೇ ಸಾಲುವುದಿಲ್ಲ. ಇವರ ಹೆಸರೂ ಒಪ್ಪಂದದಲ್ಲಿ ಹಾಕಿ, ಇವರದೂ ಒಂದು ದರ ಹಾಕಿ, ಇಲ್ಲದಿದ್ದರೆ ಜವಾಬ್ದಾರಿ ನನ್ನದಲ್ಲ ಎಂದಳು. ಅಧ್ಯಕ್ಷರು ಮುಂದಿನ ಸಭೆಯಲ್ಲಿ ನೋಡೋಣ ಎಂದು ಒಳಗೆ ಹೋದರು.

ಗೆದ್ದವಳ ಗತ್ತಿನಲ್ಲಿ ನಾನೇ ಆಕೆಯನ್ನು ಬಸ್ ನಿಲ್ದಾಣದ ತನಕ ಕಳಿಸಲು ಹೋದೆ. ಆದರೆ ಏನೋ ಒಂದು ಚುಚ್ಚುತ್ತಿತ್ತು. ಅಡತಿ ಅಂಗಡಿ, ಆಸ್ಪತ್ರೆಗಳ ಸರ್ವರ್ ನೋಡುವವಳಿಗೆ ಇಷ್ಟು ಸಣ್ಣದು ಬಾರದೇ? ಶಹಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಬದಿಯ ಕಟ್ಟೆಯ ಮೇಲೆ ಕೂತಾಗ, ಖರೆ ಹೇಳು, ನಿನಗೆ ಗೊತ್ತಿರಲಿಲ್ಲವೇನು ಎಂದು ಕೇಳಿದೆ.

“ಗೊತ್ತಿಲ್ಲದ ಏನ್ರಿ. ನೀವೇ ಹೇಳಿಕೊಟ್ಟೀರಿ.”

ನಾನು ಯಾವಾಗ ಎಂದೆ. ಆಕೆ ನಕ್ಕಳು. ಕೆಲಸ ಹೊಸದಾಗಿ ಕಲಿಯುವಾಗ ಆ ಪ್ರಶ್ನೋತ್ತರದ ತಾಣದಲ್ಲಿ ಮುರುಕು ಇಂಗ್ಲಿಷಿನಲ್ಲಿ ಇದನ್ನೇ ಕೇಳಿದ್ದಳಂತೆ: ಯಂತ್ರ ಏಳುತ್ತದೆ, ಸಾಫ್ಟ್‌ವೇರ್ ಏಳುವುದಿಲ್ಲ, ಏನು ಮಾಡಲಿ? ದಾಸವಾಳದ ಚಿತ್ರದವರೊಬ್ಬರು, ನೀನು ನಮ್ಮ ಕಡೆಯವಳಿದ್ದಂತೆ ಕಾಣುತ್ತದೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆದು ಉತ್ತರ ಕೊಟ್ಟರಂತೆ. ನನಗೆ ಥಟ್ಟನೆ ನೆನಪಾಯಿತು. ಆ ಉತ್ತರ ಬರೆದದ್ದು, ಬರೆದು ಖುಷಿಪಟ್ಟದ್ದು, ಎರಡೂ. ಮೊದಲ ದಿನ ನನ್ನ ಕಂಪ್ಯೂಟರಿನ ಮೇಲೆ ಅದೇ ದಾಸವಾಳ ನೋಡಿ ಗುರುತು ಹಿಡಿದಳಂತೆ. ಅದೊಂದೇ ಅಲ್ಲ, ನಾನು ಅಲ್ಲಿ ಯಾರ್ಯಾರಿಗೋ ಬರೆದದ್ದನ್ನೆಲ್ಲ ಹುಡುಕಿ ಓದಿ ಕಲಿತಿದ್ದಾಳೆ. ಆಕೆಗೆ ದುಡ್ಡು ತರುವ ವಿದ್ಯೆ ನಾನು ಬಿಟ್ಟಿ ಹಂಚಿದ್ದು.

“ಕೈಲೆ ಎಬ್ಬಸೂದು ಹೇಳಿ, ತಾನೇ ಏಳೂಹಂಗ ಮಾಡೂದನ್ನೂ ಹೇಳಿದ್ರಿ,” ಎಂದಳು. “ನನಗ ಹೇಳಿ ನೀವೇ ಮಾಡಿಲ್ಲ. ಯಾಕಂತ ನಾ ಕೇಳೂದಿಲ್ಲ್ರಿ.”

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಾಗಾದರೆ ಈ ಕೆಲಸ ಬರುವುದಿಲ್ಲ ಎಂದು ಎಲ್ಲರೆದುರು ನೀನು ಯಾಕೆ ಹೇಳಿದೆ, ನಿನ್ನ ಒಪ್ಪಂದವೇ ಹೋಗಿಬಿಡುತ್ತಿತ್ತಲ್ಲ ಎಂದು ಸಿಡುಕಿದೆ. ಆಕೆ ಬಸ್ಸಿನ ದಾರಿ ನೋಡುತ್ತ ಹೇಳಿದಳು.

“ನಿಮ್ಮಂಥವರು ಬ್ಯಾಸತ್ತು ಬರಿಯೂದು ಬಿಟ್ರ, ನಾ ಯಾರನ್ನ ಕೇಳಲ್ರಿ?”

ಬಸ್ಸು ಬಂತು. ಹತ್ತುವಾಗ, ಮುಂದಿನ ಸಭೆಯಲ್ಲಿ ನಿಮ್ಮ ದರ ನೀವೇ ಹೇಳಿ, ಕಡಿಮೆ ಹೇಳಬೇಡಿ ಎಂದಳು. ನಾನು ಹೇಳಿದೆ. ಅಧ್ಯಕ್ಷರು ನನ್ನ ಹೆಸರಿನ ಮುಂದಿನ ಸೊನ್ನೆ ಹೊಡೆದುಹಾಕಿ ಮೊತ್ತ ಬರೆಸಿದರು. ಈಗ ಯಾದಗಿರಿಯ ಕೆಲಸ ನನ್ನದು, ಶಾಖೆಗಳದು ಆಕೆಯದು, ಕಷ್ಟದ್ದು ಬಂದರೆ ಇಬ್ಬರದೂ. ಸರ್ವರ್ ತಾನಾಗಿ ಏಳುವಂತೆಯೂ ಮಾಡಿದ್ದೇನೆ. ಇನ್ನಾದರೂ ನಿನ್ನ ಹೊಟ್ಟೆ ತಣ್ಣಗಾಯಿತೇ ಎಂದು ಮನೆಯಲ್ಲಿ ಕೇಳುತ್ತಾರೆ.

ಆಗಿಲ್ಲ. ಆಕೆಯ ಕೆಲಸದ ಮೇಲೆ, ಚಿಕ್ಕ ವಯಸ್ಸಿನ ಮೇಲೆ, ಎಲ್ಲರನ್ನೂ ನಗಿಸುವ ಬಾಯಿಯ ಮೇಲೆ ಇದ್ದ ಹೊಟ್ಟೆಕಿಚ್ಚು ಹೇಗೋ ಕಡಿಮೆಯಾಯಿತು. ಕೆಲಸ ನನಗೂ ಬರುತ್ತದೆ, ಅದರ ದುಡ್ಡು ನನಗೂ ಬರುತ್ತದೆ. ಆದರೆ ಅವತ್ತು ಅಷ್ಟು ಜನರೆದುರು ಆಕೆಯ ಜಾಗದಲ್ಲಿ ನಾನಿದ್ದು, ಆ ಒಂದು ಸಾಲು ನನ್ನ ಬೆರಳ ತುದಿಯಲ್ಲಿದ್ದಿದ್ದರೆ, ನಾನು ಆ ಕುರ್ಚಿಯಿಂದ ಏಳುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಆಕೆ ಎದ್ದಳು. ಅದೊಂದನ್ನು ಮಾತ್ರ ನನಗೆ ಇವತ್ತಿಗೂ ಸಹಿಸಲು ಆಗುತ್ತಿಲ್ಲ.